ಕುಂಟು ಮಂತ್ರಿಯ ಚಿತ್ರ

ಬಹಳ ಹಿಂದೆ ಫ್ರಾನ್ಸ್ ದೇಶದಲ್ಲಿ ಒಬ್ಬ ಚಿತ್ರಕಾರನಿದ್ದ. ಆಳುವವರನ್ನು ಅಣಕಿಸಿ ಚಿತ್ರ ಬರೆಯುವುದೇ ಅವನ ಕಸುಬು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಮಸಿ ಬಳಿದು ಕಾಗದ ಒತ್ತಿದರೆ ನೂರಾರು ಪ್ರತಿಗಳು. ಅವಕ್ಕೆ ಕೈಯಿಂದ ಬಣ್ಣ ತುಂಬಲು ಒಬ್ಬ ವಿಧವೆ ಬರುತ್ತಿದ್ದಳು. ಹುಟ್ಟಿನಿಂದಲೇ ಅವಳ ಒಂದು ಕಾಲು ಗಿಡ್ಡ.

ಆ ದೇಶದ ಮಂತ್ರಿಯೊಬ್ಬ, ಹಸಿವೆಂದು ಬೀದಿಗಿಳಿದ ನೇಕಾರರ ಮೇಲೆ ಗುಂಡು ಹಾರಿಸಲು ಅಪ್ಪಣೆ ಕೊಟ್ಟ. ಚಿತ್ರಕಾರನಿಗೆ ಮೈಯೆಲ್ಲ ಉರಿಯಿತು. ಮಂತ್ರಿಗೂ ಕಾಲು ಕುಂಟು. ಚಿತ್ರಕಾರ ಏನು ಮಾಡಿದ ಹೇಳಿ? ಅವನನ್ನು ಕುಂಟು ಬಾತುಕೋಳಿಯಾಗಿ ಬರೆದ. ಊರಿಗೆ ಊರೇ ನಕ್ಕಿತು. ನೋಡಿ, ಮಂತ್ರಿಯೂ ನಕ್ಕ. ಒಂದು ಪ್ರತಿ ತರಿಸಿ ಗೋಡೆಗೆ ತೂಗುಹಾಕಿದ. ಸತ್ತ ನೇಕಾರರನ್ನು ಜನ ಆ ನಗುವಿನಲ್ಲಿ ಮರೆತರಲ್ಲ, ಅವನಿಗೇನು ನಷ್ಟ?

ಒಂದು ಬೆಳಿಗ್ಗೆ ಚಿತ್ರಕಾರ ಕಿಟಕಿಯಿಂದ ನೋಡುತ್ತಾನೆ, ವಿಧವೆ ಬರುತ್ತಿದ್ದಾಳೆ. ತರಕಾರಿಯವನು ಬಗ್ಗಿ ನಮಸ್ಕರಿಸಿ, "ದಾರಿ ಬಿಡ್ರಪ್ಪ, ಮಂತ್ರಿಗಳ ಸವಾರಿ ಬಂತು" ಎಂದ. ಇನ್ನೊಬ್ಬ ಅವಳ ಹಿಂದೆಯೇ ಬಾತುಕೋಳಿಯಂತೆ ನಡೆದ. ಅವಳು ತಲೆ ತಗ್ಗಿಸಿಕೊಂಡು ಬಂದು ಕುಂಚ ಹಿಡಿದಳು.

"ಅಮ್ಮಾ, ದಿನಾ ಹೀಗೇನಾ?"

"ಈ ಚಿತ್ರ ಬಂದಾಗಿಂದ."

"ನನಗ್ಯಾಕೆ ಹೇಳ್ಲಿಲ್ಲ?"

ಅವಳು ಬಾತುಕೋಳಿಯ ಕಾಲಿಗೆ ಹಳದಿ ತುಂಬುತ್ತಲೇ ಇದ್ದಳು. "ಮಂತ್ರೀನ ಬಯ್ಯಬೇಡಿ ಅಂತ ನಾನು ಹೇಳಲ್ಲ ಯಜಮಾನರೇ. ನನ್ನ ತಮ್ಮನೂ ಆ ಗುಂಡಿಗೇ ಹೋದ. ಆದ್ರೆ ಗುಂಡು ಹಾರಿಸಿ ಅಂದಿದ್ದು ಅವನ ಬಾಯಿ. ಕಾಲು ಏನು ತಪ್ಪು ಮಾಡಿತ್ತು?"

ಚಿತ್ರಕಾರ ಎದ್ದುಹೋಗಿ, ಬಾತುಕೋಳಿ ಬರೆದಿದ್ದ ಕಲ್ಲಿನ ಮೇಲೆ ಮರಳು, ನೀರು ಹಾಕಿ ಚಿತ್ರ ಅಳಿಯುವವರೆಗೆ ಉಜ್ಜಿದ. ಅದೇ ಕಲ್ಲಿನ ಮೇಲೆ ಹೊಸದಾಗಿ ಬರೆದ. ಮಂತ್ರಿ ಊಟದ ಮೇಜಿನಲ್ಲೇ ಅಪ್ಪಣೆಗೆ ಸಹಿ ಹಾಕುತ್ತಿದ್ದಾನೆ, ಲಕ್ಷಣವಾದ ಮುಖ. ಕಿಟಕಿಯಾಚೆ ತಮ್ಮನ ತಲೆಯನ್ನು ಮಡಿಲಲ್ಲಿಟ್ಟುಕೊಂಡ ಅಕ್ಕ.

"ಇದಕ್ಕೆ ಯಾರೂ ನಗಲ್ಲ" ಎಂದಳು ವಿಧವೆ.

"ನಗೋದು ಬೇಡಮ್ಮ."

ಯಾರೂ ನಗಲಿಲ್ಲ. ಜನ ಆ ಚಿತ್ರದ ಮುಂದೆ ಟೋಪಿ ತೆಗೆದು ನಿಂತರು. ಈ ಸಲ ಮಂತ್ರಿಯೂ ನಗಲಿಲ್ಲ. ಮೂರನೇ ದಿನ ಪೊಲೀಸರು ಬಂದು ಕಲ್ಲು ಒಡೆದರು. ಚಿತ್ರಕಾರನಿಗೆ ಆರು ತಿಂಗಳು ಸೆರೆ. ಪ್ರತಿ ಭಾನುವಾರ ಬಣ್ಣ ತುಂಬುವ ಆ ತಾಯಿ ಅಷ್ಟು ದೂರ ನಡೆದುಹೋಗಿ ಅವನಿಗೆ ರೊಟ್ಟಿ ಕೊಟ್ಟುಬರುತ್ತಿದ್ದಳು. ಬಿಡುಗಡೆಯ ದಿನ ಅವನು ತನ್ನ ಹೆಜ್ಜೆ ನಿಧಾನಿಸಿ, ಅವಳ ಜೊತೆಜೊತೆಗೇ ಊರಿಗೆ ಬಂದ.

ಈಗ ನಮ್ಮ ವಿಷಯಕ್ಕೆ ಬನ್ನಿ. ಮೇಲಧಿಕಾರಿ ಅನ್ಯಾಯ ಮಾಡಿದರೆ ನಾವು ಏನು ಆಡಿಕೊಳ್ಳುತ್ತೇವೆ? ಅವನ ಬೋಳುತಲೆ. ಓರಗಿತ್ತಿ ಚುಚ್ಚಿ ಮಾತಾಡಿದರೆ? ಅವಳ ಮೈಬಣ್ಣ. ಅದೇ ಬಣ್ಣದ ಮಗುವೊಂದು ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತದೆ, ತಾಯಂದಿರೇ. ತಪ್ಪನ್ನು ತಪ್ಪೆಂದು ಮುಖಕ್ಕೆ ಹೇಳಲು ಧೈರ್ಯ ಬೇಕು. ಮೈಯನ್ನು ಆಡಿಕೊಳ್ಳಲು ಏನೂ ಬೇಡ, ಅದಕ್ಕೇ ನಮಗೆ ಅದು ಸಲೀಸು. ಮೊಬೈಲಿಗೆ ಅಂಥದೊಂದು ಚಿತ್ರ ಬಂದರೆ ಮುಂದೆ ಕಳಿಸಬೇಡಿ. ಮನೆಯಲ್ಲಿ ಯಾರನ್ನಾದರೂ ಕುಳ್ಳ, ಡುಮ್ಮಿ ಎಂದು ಕರೆಯುತ್ತಿದ್ದರೆ, ಇವತ್ತು ಊಟಕ್ಕೆ ಕೂರುವಾಗ ಅವರ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆಯಿರಿ.