ಪ್ರೆಸ್ಸಿನ ಮುಂದೆ ಕೂಗುವ ಮಾತು

ಷಿಕಾಗೋದ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಲು ಕಾದಿದ್ದ ವರ್ನಾಳ ಎದುರು ಬೆಂಚಿನಲ್ಲಿ, ಎಣ್ಣೆ ಮೆತ್ತಿದ ಬಟ್ಟೆಯ ಮೇಸ್ತ್ರಿಯೊಬ್ಬ ತನ್ನ ಮಗನ ಮೇಲೆ ಸಿಡುಕುತ್ತಿದ್ದ. ಮಗ ಅಬ್ಬರದ ಮೆಟಲ್ ಸಂಗೀತದ ಬ್ಯಾಂಡಿನವನು.

“ಕಾರ್ಖಾನೆ ಸದ್ದು ರೆಕಾರ್ಡ್ ಮಾಡ್ಕೋತೀನಿ ಅಂದೆ ನೀನು, ಮಾಡ್ಕೋ ಅಂದೆ ನಾನು. ನನ್ನ ಗಂಟಲು ಯಾಕೋ ಬೇಕಿತ್ತು ನಿಂಗೆ?”

“ತಗಡು ಒತ್ತೋ ಪ್ರೆಸ್ ಬಡಿಯೋ ಸದ್ದಿನ ಮೇಲೆ ನೀನು ‘ನಿಲ್ಸ್ರೋ’ ಅಂತ ಕೂಗಿದ್ದೇ ಆ ಹಾಡಿನ ಜೀವ, ಅಪ್ಪ. ಹತ್ತು ಲಕ್ಷ ಆಲ್ಬಂ ಖರ್ಚಾಗಿದೆ.”

“ಆಗ್ಲಿ. ಹಾಕಿ ಮ್ಯಾಚಲ್ಲೂ ಅದೇ, ಕಾರಿನ ಜಾಹೀರಾತಲ್ಲೂ ಅದೇ. ನಿಮ್ಮಮ್ಮನ ಚರ್ಚಿನ ಹುಡುಗೀರೂ ಅದನ್ನೇ ಅರಚ್ತಾರೆ.”

“ಖುಷಿಪಡೋದು ಬಿಟ್ಟು ಬೈತೀಯಲ್ಲ.”

“ಖುಷಿ ಬೇರೆ ಕೇಡು. ಇವತ್ತು ನನ್ ಕೈಕೆಳಗೆ ಕೆಲ್ಸ ಮಾಡೋ ಲೂಥರ್ ಕೈಗವಸು ಪ್ರೆಸ್ಸಿಗೆ ಸಿಕ್ತು. ನಿಲ್ಸ್ರೋ ಅಂತ ಕೂಗ್ದೆ. ಸ್ವಿಚ್ ಹತ್ರ ಇದ್ದೋನು ತಲೆ ಕುಣಿಸ್ಕೊಂಡು ನನ್ಜೊತೆ ಹಾಡ್ದ.”

ಮಗನ ದನಿ ಇಳಿಯಿತು. “ಕೈ ಏನಾಯ್ತು?”

“ಎರಡು ಬೆರಳು ಹೋಯ್ತು.”

“ಇನ್ಮೇಲೆ ಬೇರೆ ಏನಾದ್ರೂ ಕೂಗಪ್ಪ.”

“ಏನು ಕೂಗ್ಲಿ? ಆ ಸದ್ದಲ್ಲಿ ಮೂವತ್ತು ವರ್ಷದಿಂದ ಎಲ್ಲರಿಗೂ ಕೇಳಿಸ್ತಿದ್ದದ್ದು ಅದೊಂದೇ ಮಾತು.”

ನರ್ಸ್ ಬಂದು, ಲೂಥರನ ಹೆಂಡತಿ ಒಳಗಿದ್ದಾಳೆ, ಏನಾಯಿತೆಂದು ಕೇಳುತ್ತಿದ್ದಾಳೆ ಎಂದಳು.

ಮೇಸ್ತ್ರಿ ಎದ್ದ. “ನಡಿ. ಹಾಡು ಕಟ್ಟೋನು ನೀನು, ಅವಳಿಗೆ ನೀನೇ ಹೇಳು.”

ಮಗ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹಿಂದೆ ನಡೆದ.