ಕಾಫಿ ಕಣದಲ್ಲಿ ಎರಡು ಸುತ್ತು

ಸಭೆಯ ಅಧ್ಯಕ್ಷರೂ ಕಾಫಿ ಬೆಳೆಗಾರರೂ ಆದ ಶ್ರೀ ಚಂದ್ರಶೇಖರ ಅವರೇ, ವೇದಿಕೆಯ ಗಣ್ಯರೇ, ಬಣಕಲ್ಲಿನ ಸಮಸ್ತ ಸಭಿಕರೇ, ಮತ್ತು ಮೂರನೇ ಸಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸುತ್ತಿರುವ ನನ್ನ ಮಗಳು ಇಲ್ಮಾ,

ಜೀಪು ರಿಪೇರಿ ಮಾಡುವ ಈ ಮೊಹಿದ್ದೀನನಿಗೆ ಊರಿನ ಸ್ಕೇಟಿಂಗ್ ಸ್ಪರ್ಧೆಗಳ ‘ನಿಷ್ಪಕ್ಷಪಾತ ತೀರ್ಪುಗಾರ’ ಎಂದು ಶಾಲು ಹೊದಿಸಿದ್ದೀರಿ. ಗ್ರೀಸ್ ಹತ್ತೀತೆಂದು ಹೆದರಿ ಎರಡು ಸಲ ಕೈ ತೊಳೆದು ಬಂದಿದ್ದೇನೆ.

ನನಗೆ ಸ್ಕೇಟಿಂಗ್ ಹೇಗೆ ಗೊತ್ತು? ಡಿಶ್ ಬಂದ ಮೇಲೆ ಟೀವಿ ನೋಡಿಯೇ ಕಲಿತೆ. ಹೆಣ್ಣುಮಕ್ಕಳ ಜಿಗಿತ ಹೇಗೆ ಬೆಳೆಯಿತು ಬಲ್ಲಿರಾ? ತೊಂಬತ್ತೆರಡರ ಒಲಿಂಪಿಕ್ಸಿನಲ್ಲಿ ಜಪಾನಿನ ಹುಡುಗಿಯೊಬ್ಬಳು ಮಂಜುಗಡ್ಡೆಯಿಂದ ಮೇಲೆದ್ದು ಗಾಳಿಯಲ್ಲೇ ಮೂರೂವರೆ ಸುತ್ತು ತಿರುಗಿ ಇಳಿದಳು. ತೊಂಬತ್ತೆಂಟರಲ್ಲಿ ಅಮೆರಿಕದ ಹದಿನೈದರ ಹುಡುಗಿ ಮೂರು ಸುತ್ತಿನ ಬೆನ್ನಿಗೇ ಇನ್ನೊಂದು ಮೂರು ಸುತ್ತು ಹಾಕಿ ಚಿನ್ನ ಗೆದ್ದಳು. ಎರಡು ಸಾವಿರದ ಎರಡರಲ್ಲಿ ಜಪಾನಿನ ಇನ್ನೊಬ್ಬಳು ನಾಲ್ಕು ಸುತ್ತು! ಹೆಣ್ಣುಮಕ್ಕಳಿಗೆ ಇಷ್ಟು ಸಾಕು ಎನ್ನಲು ನಾವು ಯಾರು?

ನಮ್ಮಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಇದ್ದದ್ದು ಶರಬತ್ತಿಗೇ ಸಾಲುತ್ತಿರಲಿಲ್ಲ. ಅಧ್ಯಕ್ಷರು ಕಾಫಿ ಒಣಗಿಸುವ ಸಿಮೆಂಟ್ ಕಣ ಬಿಟ್ಟುಕೊಟ್ಟರು. ನಾನು ಚಕ್ರದ ಸ್ಕೇಟಿಗೆ ಬೇರಿಂಗ್ ಕೂರಿಸಿದೆ. ಕಣದಲ್ಲಿ ಉಳಿದ ಕಾಫಿ ಹೊಟ್ಟಿನ ಧೂಳೇ ನನ್ನ ಸಾಕ್ಷಿ. ಸುತ್ತು ಗಾಳಿಯಲ್ಲೇ ಪೂರ್ತಿಯಾದರೆ ಧೂಳಿನಲ್ಲಿ ನೇರ ಗೆರೆ. ಬಾಕಿ ಉಳಿದರೆ ಚಕ್ರ ನೆಲದ ಮೇಲೆ ತಿರುಗಿ ಕೊಕ್ಕೆಯಂಥ ಗುರುತು. ಕೊಕ್ಕೆ ಕಂಡರೆ ನಾನು ಯಾರಿಗೂ ರಿಯಾಯ್ತಿ ಕೊಟ್ಟವನಲ್ಲ.

ತೊಂಬತ್ತೆಂಟರ ಏಪ್ರಿಲ್ ಸ್ಪರ್ಧೆ ನಿಮಗೆ ನೆನಪಿದೆ. ಗೆದ್ದವರಿಗೆ ಬೆಂಗಳೂರಿನ ತರಬೇತಿ ಶಿಬಿರ. ಅಧ್ಯಕ್ಷರ ಮಗಳು ಕೃತಿಕಾ ಅಂದವಾಗಿ ಜಿಗಿದು ಒಂದು ಸುತ್ತು ಹಾಕಿದಳು. ನನ್ನ ಇಲ್ಮಾ ಎರಡಕ್ಕೆ ಜಿಗಿದಳು. ಸುತ್ತು ಪೂರ್ತಿಯಾಗಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಕೊಟ್ಟಿಗೆಹಾರದವರೆಗೂ ಒಂದೇ ಮಾತು: “ಮೊಹಿದ್ದೀನ್ ಸಾಬ್ರು ಸ್ವಂತ ಮಗಳನ್ನೂ ಬಿಡ್ಲಿಲ್ಲ ಮಾರಾಯ!” ಆ ಮಾತು ನನಗೆ ಎಷ್ಟು ರುಚಿಸಿತು! ಈ ಶಾಲಿನ ಮೊದಲ ಎಳೆ ಅಲ್ಲಿಯದೇ.

“ಅಬ್ಬಾ, ಗೆರೆ ಸರಿಯಾಗಿ ನೋಡಿದ್ರಾ?” ಎಂದು ಇಲ್ಮಾ ಅಂದು ಕಣದಲ್ಲೇ ಈ ಅಪ್ಪನನ್ನು ಕೇಳಿದಳು.

“ನೋಡ್ದೆ ಮಗಾ. ಕಾಲು ಸುತ್ತು ಕಮ್ಮಿ ಆಯ್ತು.”

“ಇನ್ನೊಂದ್ಸಲ ನೋಡಿ.”

ನೋಡಲು ಅಲ್ಲೇನೂ ಇರಲಿಲ್ಲ. ಅಷ್ಟರಲ್ಲಿ ಆ ಗೆರೆಯನ್ನು ನನ್ನ ಚಪ್ಪಲಿಯಿಂದಲೇ ಒರೆಸಿಬಿಟ್ಟಿದ್ದೆ.

ಇದನ್ನು ಹೇಳಬೇಕೆಂದು ಬಂದವನಲ್ಲ ನಾನು. ಬರೆದುಕೊಂಡ ಭಾಷಣ ಜೇಬಿನಲ್ಲೇ ಇದೆ. ಆದರೆ ಎದುರಿಗೆ ಅವಳು ಕೂತಿದ್ದಾಳೆ. ಅಂದು ಸ್ಕೇಟು ಬಿಚ್ಚಿ ಅಟ್ಟಕ್ಕೆ ಹಾಕಿದವಳು ಈ ಏಳು ವರ್ಷದಲ್ಲಿ ಒಂದು ಸುತ್ತೂ ತಿರುಗಲಿಲ್ಲ.

ಅಧ್ಯಕ್ಷರೇ, ನೀವು ನನಗೆ ಏನೂ ಹೇಳಿರಲಿಲ್ಲ. ಕೃತಿಕಾಳ ತಪ್ಪೂ ಇಲ್ಲ. ಕಣ ನಿಮ್ಮದು, ನನ್ನ ಗ್ಯಾರೇಜಿಗೆ ಬರುವ ಜೀಪುಗಳೂ ನಿಮ್ಮವು. ನಾನಾಗಿಯೇ ಹೆದರಿದೆ. ಆ ಹೆದರಿಕೆಗೆ ನ್ಯಾಯವೆಂದು ಹೆಸರಿಟ್ಟುಕೊಂಡು ಎದೆಯುಬ್ಬಿಸಿ ತಿರುಗಿದೆ.

ಈ ಶಾಲನ್ನು ಮಡಚಿ ಮೇಜಿನ ಮೇಲಿಡುತ್ತಿದ್ದೇನೆ. ತೀರ್ಪುಗಾರನಾಗಿ ನನ್ನ ಕೊನೆಯ ಮಾತು, ಕಾರ್ಯದರ್ಶಿಗಳು ದಯವಿಟ್ಟು ಬರೆದುಕೊಳ್ಳಬೇಕು: ಆ ದಿನ ಧೂಳಿನಲ್ಲಿ ಕೊಕ್ಕೆ ಇರಲಿಲ್ಲ. ಇಲ್ಮಾ, ಎರಡು ಸುತ್ತು. ಪೂರ್ತಿ ಎರಡು.

ಕೇಳಿಸಿತಾ ಮಗಾ?

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.