ಗೆರೆಯ ಮೇಲೆ ಬಿದ್ದ ಚುಕ್ಕೆಗಳು

ಇಲ್ಲ ಮುಕ್ತಾರ್ ಸಾಬ್ರೆ, ಸೈಕಲ್ ರಿಪೇರಿಗೆ ಬಂದಿಲ್ಲ ನಾನು. ಯಶವಂತಪುರದ ಕಡೆ ಬಂದಿದ್ದೆ... ನೀವೀಗ ನಿಮ್ಮ ಬಾಮೈದ ವಾಜಿದ್ ಅಂಗಡೀಲಿ ಕೂರ್ತೀರಂತ ಗೊತ್ತಾಯ್ತು. ತಗೊಳ್ಳಿ, ದ್ರಾಕ್ಷಿ. ನಮ್ಮ ಯಲಹಂಕದ ತೋಟದ್ದು, ಸ್ವಲ್ಪ ಹುಳಿ. ಮಲ್ಕಾ ಭಾಭಿಗೆ ಕೊಡಿ, ಬ್ಯಾಟರಾಯಪ್ಪ ತಂದ ಅನ್ನಿ... ಬೇಡ, ಹೆಸರು ಹೇಳ್ಬೇಡಿ.

ಕೆಲಸ ನಿಲ್ಲಿಸ್ಬೇಡಿ, ಚಕ್ರ ತಿರುಗಿಸ್ತಾ ಇರಿ. ಸಣ್ಣ ವಿಷಯ. ನಿಮ್ಮ ಕಣ್ಣು ನೋಡಿ ಕನ್ನಡಕ ಕೊಟ್ರಲ್ಲ, ಆ ಡಾಕ್ಟರು ಯಾರು? ನನಗಲ್ಲ, ನಮ್ಮ ಅಬ್ಸರ್ವೇಟರೀಲಿ ನಿಮ್ಮ ಜಾಗಕ್ಕೆ ಬಂದ ನರಸಯ್ಯನಿಗೆ. ಅವನ ಕಣ್ಣೂ ಕೆಟ್ಟಿದೆಯಂತೆ. ಸಾಹೇಬರು ಅಂದ್ರು.

ಯಾಕ್ ನಗ್ತೀರಿ?

ನಿಜ ಕಣ್ರೀ. ಮೊನ್ನೆ ಮದುವೆಯಾದವನು, ಹದ್ದಿನ ಕಣ್ಣು ಅಂದ್ಕೊಂಡಿದ್ದೆ. ಅವನ ಅಂದಾಜೂ ನಿಮ್ಮದರ ಹಾಗೇ ಚೆಲ್ಲಾಪಿಲ್ಲಿ. ಒಂದು ನಕ್ಷತ್ರ ಗೆರೆಯಿಂದ ಮೇಲೆ, ಇನ್ನೊಂದು ಕೆಳಗೆ. ತಿಂಗಳೊಳಗೆ ಸರಿಹೋಗದಿದ್ರೆ ಅವನನ್ನೂ ಕೆಲಸದಿಂದ ಕಳಿಸ್ತಾರಂತೆ.

ಏನೋ ವಾಜಿದ್, ನಿನಗೆ ಅರ್ಥವಾಗ್ಲಿಲ್ವಾ? ನೋಡು, ಗಾಜಿನ ಪ್ಲೇಟಿನ ಮೇಲೆ ಪಕ್ಕದ ಗೆಲಾಕ್ಸಿಯ ಫೋಟೋ. ನಕ್ಷತ್ರ ಅಂದ್ರೆ ಅದರಲ್ಲೊಂದು ಕರಿ ಚುಕ್ಕೆ. ಅದೆಷ್ಟು ಮಂಕು ಅಂತ ಕಣ್ಣಲ್ಲೇ ಅಂದಾಜು ಮಾಡಿ, ಅದು ಎಷ್ಟು ದಿನಕ್ಕೊಮ್ಮೆ ಮಿನುಗುತ್ತೋ ಆ ದಿನದ ಎದುರಿಗೆ ಗ್ರಾಫ್ ಹಾಳೇಲಿ ಗುರುತು ಹಾಕೋದು ನಮ್ಮ ಕೆಲಸ. ಆ ಗುರುತುಗಳ ನಡುವೆ ಗೆರೆ ಎಳೆದು, ಗೆಲಾಕ್ಸಿ ಎಷ್ಟು ದೂರ ಅಂತ ಸಾಹೇಬರು ಲೆಕ್ಕ ಹಾಕ್ತಾರೆ. ಗುರುತು ಚೆದುರಿದಷ್ಟೂ ಲೆಕ್ಕದಲ್ಲಿ ತಪ್ಪಿರೋ ಸಂಭವ ಜಾಸ್ತಿ. ಹೋಗಪ್ಪ, ಚಾ ತಗೊಂಬಾ.

ಎಲ್ಲಿದ್ದೆ? ಹಾಂ... ನನ್ನ ಗುರುತು ಮಾತ್ರ ಚೆದುರಲಿಲ್ಲ. ಮಲ್ಲಿಗೆ ಪೋಣಿಸಿದ ಹಾಗೆ ಬಂತು ಅಂದ್ರು ಸಾಹೇಬರು. ದೂರದ ಲೆಕ್ಕದಲ್ಲಿ ತಪ್ಪು ಇಷ್ಟೇ ಇಷ್ಟು ಅಂತ ಬೊಂಬಾಯಿಯ ವಿಜ್ಞಾನಿಗಳ ಸಭೇಲಿ ಓದ್ತಾರಂತೆ. ನನಗೆ ಸೀನಿಯರ್ ಪೋಸ್ಟು. ನಿಮಗೆ... ನಿಮ್ಮನ್ನ ಕಳಿಸಿದ್ದು ನಾನಲ್ಲ ಸಾಬ್ರೆ. ಕಣ್ಣು ಚೆನ್ನಾಗಿಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ್ನಾ? ಇಲ್ವಲ್ಲ. ಸಾಹೇಬರು ಕೇಳಿದಾಗ ಸುಮ್ಮನಿದ್ದೆ, ಅಷ್ಟೇ.

ಹಾಗೆ ನೋಡ್ಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋ ಆಸಾಮಿ ಅಲ್ಲ ನಾನು.

ಕಣ್ಣಂದ್ರೆ ಹಾಗೇ ಅಲ್ವಾ? ಒಂದ್ಸಲ ಹಾಗೆ ಕಾಣುತ್ತೆ, ಇನ್ನೊಂದ್ಸಲ ಹೀಗೆ. ಅದಕ್ಕೇ ತಾನೆ ಮೊದಲು ಗುರುತು, ಆಮೇಲೆ ಗೆರೆ ಅನ್ನೋ ನಿಯಮ. ಗೆರೆ ಮೊದಲೇ ಎಳೆದಿಟ್ಟುಕೊಂಡು ಪ್ಲೇಟ್ ನೋಡಿದ್ರೆ, ಕಣ್ಣು ತಾನಾಗೇ ಆ ಕಡೆ ವಾಲಿಬಿಡುತ್ತೆ. ಮೋಸ ಮಾಡ್ಬೇಕು ಅಂತ ಅಲ್ಲ. ಮಂಕಾಗಿದೆ ಅನ್ಸಿದ್ದು, ಪೆನ್ಸಿಲ್ ಗೆರೆ ನೋಡಿದ ತಕ್ಷಣ, ಅಷ್ಟೇನೂ ಮಂಕಲ್ಲ ಅನ್ಸುತ್ತೆ...

ಯಾರೋ ಹಾಗೆ ಹೇಳ್ತಿದ್ರು ಅಂದೆ.

ಯಾಕೆ ಚಕ್ರ ನಿಲ್ಲಿಸಿದ್ರಿ? ಚೆನ್ನಾಗಿ ಬೆಂಡು ತೆಗೀತಿದ್ರಿ. ಎಳ್ಳಷ್ಟು ಓಲಾಡಿದ್ರೂ ಹಿಡೀತಿದ್ರಿ... ಕಣ್ಣು ಕೆಟ್ಟೋರು ಅದು ಹೇಗೆ...

ಡಾಕ್ಟರ ಹೆಸರು ಹೇಳಿ, ಹೊರಡ್ತೀನಿ. ಇದೇನು, ಕನ್ನಡಕ ತೆಗೆದು ನನಗೆ ಕೊಡ್ತಿದೀರಿ? ಹಾಕ್ಕೊಳ್ಳೋದಾ? ಆಯ್ತು ಬಿಡಿ. ಹಾಕ್ಕೊಂಡೆ.

ರೈಲ್ವೆ ಗೇಟು ಕಾಣ್ತಿದೆ. ಹುಣಸೆಮರ ಕಾಣ್ತಿದೆ. ತೆಗೆದ್ರೂ ಹಾಗೇ ಕಾಣುತ್ತಲ್ಲ? ಹಾಕ್ಕೊಂಡ್ರೂ ಹಾಗೇ. ಸಾಬ್ರೆ... ಇದು ಬರೀ ಗಾಜು.

ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಂದಿರ್ಬೇಕು ಡಾಕ್ಟರು. ಸಾಹೇಬರ ಸಮಾಧಾನಕ್ಕೆ ಬರೀ ಗಾಜು ಹಾಕ್ಕೊಂಡು ನನ್ನ ಪಕ್ಕದ ಮೇಜಲ್ಲೇ ಕೂತ್ರಿ. ಆಗಲೂ ಕಂಡದ್ದನ್ನೇ ಗುರುತು ಹಾಕಿದ್ರಿ. ನನ್ನ ಹಾಳೇನೂ ಕಂಡಿರ್ಬೇಕು. ಖಾಲಿ ಹಾಳೆ ಮೇಲೆ ಗೆರೆ ಮಾತ್ರ ಇದ್ದ ದಿನ.

ನೋಡಿದ್ರಿ ತಾನೆ?

ಬೈದ್ಬಿಡಿ, ತಡ್ಕೋತೀನಿ. ನಾಚಿಕೆಯಿಂದ ಸಾಯ್ತಿದೀನಿ.

ತಗೊಳ್ಳಿ ನಿಮ್ಮ ಕನ್ನಡಕ. ಕೈ ಚಾಚಿ... ಮತ್ತೆ ಚಕ್ರ ತಿರುಗಿಸ್ತಿದೀರಲ್ಲ. ತಗೊಳ್ಳಲ್ವಾ?

ಮತ್ತೆ ಇದನ್ನ ಏನ್ ಮಾಡ್ಲಿ ಸಾಬ್ರೆ? ನರಸಯ್ಯನಿಗೆ ಕೊಡ್ಲಾ?